ಹಡಗಿನ ಭಾಯಿ ಕೇಳಿದ ಬಾಗಿಲು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಚ್ಚಿಡಬೇಕಾದ್ದು ಏನೂ ಇಲ್ಲ, ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಕಾಗದದ ಮೇಲೆ ಒಂದು ಹೆಸರು ಬಂತೆಂದರೆ ಆ ಹೆಸರಿನ ಮನುಷ್ಯ ಎದುರಿಗೆ ನಿಂತು 'ಇದೀನಿ' ಅನ್ನಬೇಕು ಎಂಬುದು ಅವರ ಹಟವಾಗಿತ್ತು. ಈಗ ಅವರು ಹಾಗೆ ಅನ್ನಲಾರರು. ಹೋದ ತಿಂಗಳು ತೀರಿಕೊಂಡರು. ಆದ್ದರಿಂದ ಬೀದಿಯವರೆಲ್ಲ ಕರೆಯುತ್ತಿದ್ದ ಹಾಗೆ ಹಡಗಿನ ಭಾಯಿ ಎಂದೇ ಬರೆಯುತ್ತೇನೆ.

ನಮ್ಮೂರಿನಲ್ಲಿ ನೀರು ಅಂದರೆ ನಾಗರಕೆರೆ. ಅದೂ ಎಲ್ಲಾ ವರ್ಷ ಕಣ್ಣಿಗೆ ಬೀಳುವುದಿಲ್ಲ. ಅಂಥ ಊರಿನಲ್ಲಿ ಹಡಗಿನ ಹೆಸರು ಹೊತ್ತು ತಿರುಗಿದವರು ಇವರೊಬ್ಬರೇ. ಹುಡುಗನಾಗಿದ್ದಾಗ ಬೆಂಗಳೂರು ದಂಡಿನ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದರಂತೆ. ಅಲ್ಲಿಂದ ಬೊಂಬಾಯಿ, ಬೊಂಬಾಯಿಯಿಂದ ಹಡಗು. ಸರಕಿನ ಹಡಗಲ್ಲ. ಸುಮ್ಮನೆ ಸುತ್ತಾಡಿ ಬರಲಿಕ್ಕೆಂದು ಹಣವಂತರು ಹತ್ತುವ ಹಡಗು. ಹನ್ನೆರಡು ವರ್ಷ ಅದರಲ್ಲಿದ್ದು, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಬಿಟ್ಟು ಬಂದರು. ಯಾಕೆ ಬಿಟ್ಟಿರಿ ಎಂದರೆ, "ಸಾಕಾಯ್ತು, ಬಂದ್ಬಿಟ್ಟೆ" ಎನ್ನುತ್ತಿದ್ದರು. ಅಷ್ಟೇ.

ನನ್ನ ಮನೆಯಿಂದ ನಾಲ್ಕನೆಯ ಮನೆ ಅವರದು. ನಡುಮನೆಯ ಗೋಡೆಗೆ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ನೇತುಹಾಕಿದ್ದರು. ಬೇರೆಯವರ ಮನೆಯಲ್ಲಿ ಅಪ್ಪನ ಫೋಟೋ ಇರುವ ಜಾಗದಲ್ಲಿ! ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಭಾಯಿ, ನಾಗರಕೆರೆ ಕೋಡಿ ಬಿದ್ರೆ ನಮಗೂ ಒಂದು ಕೊಡ್ತೀರಾ?"

"ನಗಿ ಯಜಮಾನ್ರೇ, ನಗಿ. ನಮ್ ಪ್ಯಾಸೆಂಜರ್‌ಗಳೂ ಹಂಗೇ ನಗೋರು," ಎನ್ನುತ್ತಾ ಅದನ್ನು ಗೋಡೆಯಿಂದ ಇಳಿಸಿ ನನ್ನ ಕೈಗಿಟ್ಟರು. "ನೀವು ನೇಕಾರರು. ಇದ್ಯಾಕೆ ಹಡಗಿನವರು ಬೇಡ ಅಂತ ಎಸೆದ್ರು, ಹೇಳಿ ನೋಡೋಣ."

ತಿರುಗಿಸಿ ತಿರುಗಿಸಿ ನೋಡಿದೆ. ಬಟ್ಟೆ ಗಟ್ಟಿ, ಬಣ್ಣ ಗಟ್ಟಿ. ಕೊನೆಗೆ ಭುಜದ ಪಟ್ಟಿಯ ಬುಡದಲ್ಲಿ ಬೆರಳಿಗೆ ಸಿಕ್ಕಿತು, ನಾಲ್ಕೈದು ಹೊಲಿಗೆ ಬಿಟ್ಟಿತ್ತು. ಇಷ್ಟಕ್ಕೇ ಎಸೆಯುತ್ತಾರಾ ಎಂದು ಕೇಳಿದೆ.

"ಇಷ್ಟಕ್ಕೇ," ಎಂದರು. "ನೀರಿಗೆ ಬಿದ್ದೋನಿಗೆ ಇಷ್ಟೇ ಸಾಕು, ಮುಳುಗೋಕೆ."

ಅವರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ತಲೆನೋವು. ಮದುವೆ ಛತ್ರಕ್ಕೆ ಹೋದರೆ ಎಲ್ಲರೂ ವಧೂವರರನ್ನು ನೋಡಿದರೆ ಇವರು ಎರಡನೆಯ ಬಾಗಿಲು ಎಲ್ಲಿದೆ ಎಂದು ನೋಡುವರು. ಅದಕ್ಕೆ ಬೀಗ ಕಂಡರೆ ಮುಗಿಯಿತು, ಊಟ ಸೇರುವುದಿಲ್ಲ. ನನ್ನ ಷಡ್ಡಕನ ಮಗಳ ಮದುವೆಯಲ್ಲಿ ಛತ್ರದ ಪಾರುಪತ್ತೇಗಾರನನ್ನು ಹುಡುಕಿ ಬೀಗ ತೆಗೆಸಿದ ಮೇಲೆಯೇ ಎಲೆಯ ಮುಂದೆ ಕೂತದ್ದು. "ಯಾರ ಕಡೆಯೋರು ಇವ್ರು?" ಎಂದು ಬೀಗರು ನನ್ನನ್ನು ಕೇಳಿದಾಗ ನೆಲ ಬಿರಿದರೆ ಸಾಕು ಅನ್ನಿಸಿತ್ತು. ಬೆಂಗಳೂರಿನ ಬಸ್ಸು ಹತ್ತಿದರೆ ತುರ್ತು ಕಿಟಕಿಯ ಪಕ್ಕದ ಸೀಟೇ ಬೇಕು. ಅದಕ್ಕೆ ಅಡ್ಡವಾಗಿ ಯಾರಾದರೂ ಹೂಕೋಸಿನ ಮೂಟೆ ಇಟ್ಟಿದ್ದರೆ ಕಂಡಕ್ಟರನ ಜೊತೆ ಯಲಹಂಕದವರೆಗೂ ವಾದ.

ಆದರೆ ಬರೀ ತಲೆನೋವು ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ನಮ್ಮ ಬೀದಿಯ ತುದಿಯಲ್ಲಿ ಒಬ್ಬರೇ ಇದ್ದ ವಿಧವೆ ಟೀಚರಮ್ಮ ಒಂದು ದಿನ ಎಂಟು ಗಂಟೆಯಾದರೂ ಬಾಗಿಲಿಗೆ ರಂಗೋಲಿ ಹಾಕಿರಲಿಲ್ಲ. ನಾವೆಲ್ಲ ಅದರ ಮುಂದೆಯೇ ಓಡಾಡಿದೆವು, ಒಬ್ಬರ ಕಣ್ಣಿಗೂ ಬೀಳಲಿಲ್ಲ. ಭಾಯಿ ಹೋಗಿ ಬಾಗಿಲು ಬಡಿದರು. ಉತ್ತರ ಬಾರದಿದ್ದಾಗ ನನ್ನ ಹೆಂಡತಿಯನ್ನು ಕರೆಸಿ, ಹಿತ್ತಿಲ ಕಡೆಯಿಂದ ಒಳಗೆ ಕಳಿಸಿದರು. ಟೀಚರಮ್ಮ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು, ಕೂಗುವ ಶಕ್ತಿಯೂ ಇಲ್ಲದೆ ಬಿದ್ದಿದ್ದರು. "ಹಡಗಲ್ಲಿ ತಿಂಡಿಗೆ ಬಾರದವರ ಬಾಗಿಲು ಬಡೀಬೇಕು ಅಂತ ಕಾನೂನು. ಇಲ್ಲಿ ರಂಗೋಲಿ, ಅಷ್ಟೇ," ಎಂದರು ಭಾಯಿ. ಅದನ್ನೊಂದು ದೊಡ್ಡ ಸಂಗತಿ ಎಂದು ಅವರು ಹೇಳಲೇ ಇಲ್ಲ.

ಆಗ ನನ್ನದು ಎಂಟು ಪವರ್‌ಲೂಮ್ ಮಗ್ಗಗಳ ಶೆಡ್ಡು. ಆರ್ಟ್ ಸಿಲ್ಕ್ ಸೀರೆ ನೇಯಿಸುತ್ತಿದ್ದೆ. ಹೆಂಗಸರು ಗಂಡಸರು ಸೇರಿ ಹನ್ನೊಂದು ಜನ ಕೆಲಸಕ್ಕಿದ್ದರು. ಅವರನ್ನು ನೋಡಿಕೊಳ್ಳಲು ನಂಬಿಕೆಯ ಒಬ್ಬರು ಬೇಕಾಗಿತ್ತು, ಭಾಯಿಯನ್ನು ಕೇಳಿದೆ. ಮಗ್ಗದ ಕೆಲಸ ಗೊತ್ತಿಲ್ಲ ಎಂದರು. ಮಗ್ಗ ನಾನು ನೋಡಿಕೊಳ್ಳುತ್ತೇನೆ, ನೀವು ಜನರನ್ನು ನೋಡಿಕೊಳ್ಳಿ ಎಂದೆ. ಆ ಮಾತನ್ನು ಅವರು ಅಕ್ಷರಶಃ ಹಿಡಿದುಕೊಳ್ಳುತ್ತಾರೆ ಎಂದು ನನಗೇನು ಗೊತ್ತು!

ಮೊದಲನೆಯ ದಿನವೇ ಶೆಡ್ಡನ್ನು ಒಂದು ಸುತ್ತು ಹಾಕಿ ಬಂದು, "ಹಿಂದಿನ ಬಾಗ್ಲಿಗೆ ಬೀಗ ಯಾಕೆ?" ಎಂದು ಕೇಳಿದರು.

"ನೂಲು ಕಳ್ತನ ಆಗುತ್ತೆ ಭಾಯಿ. ಹಿಂದೆ ಖಾಲಿ ಸೈಟು. ನೂಲು ಸುತ್ತಿದ ಕೋನು ಕೋನೇ ಬೇಲಿಯಾಚೆ ಎಸೀತಾರೆ. ಈ ಊರಲ್ಲಿ ಯಾವ ಶೆಡ್ಡಿಗೆ ಬೀಗ ಇಲ್ಲ ಹೇಳಿ."

"ಸ್ವಿಚ್ ಬೋರ್ಡು ಎಲ್ಲಿದೆ?"

"ಮುಂದಿನ ಬಾಗ್ಲ ಪಕ್ಕ. ಕಣ್ಣಿಗೆ ಕಾಣ್ತಿಲ್ವಾ?"

"ಕಾಣ್ತಿದೆ. ಅದಕ್ಕೇ ಕೇಳ್ತಿರೋದು. ಬೆಂಕಿ ಹತ್ತೋದು ಅಲ್ಲಿ. ಜನ ಓಡಿ ಬರೋದೂ ಅಲ್ಲಿಗೇನಾ?"

ನನಗೆ ರೇಗಿತು. ಇಪ್ಪತ್ತು ವರ್ಷದಿಂದ ಮಗ್ಗ ನಡೆಸುತ್ತಿದ್ದೇನೆ, ಬೆಂಕಿ ಗಿಂಕಿ ಎಂದು ಬಾಯಿಬಿಟ್ಟು ಅಪಶಕುನ ನುಡಿಯಬೇಡಿ ಎಂದೆ. ಅವರು ಜಗಳ ಆಡಲಿಲ್ಲ. ಮುಂದಿನ ಬಾಗಿಲಲ್ಲಿದ್ದ ಬೆಂಚಿನ ಮೇಲೆ ಕೂತು ಹಡಗಿನ ಮಾತು ತೆಗೆದರು.

"ನೋಡಿ ಯಜಮಾನ್ರೇ, ಪ್ಯಾಸೆಂಜರ್ ಹಡಗಲ್ಲಿ ಇರೋದು ಎರಡೇ ಭಯ. ಕಳ್ಳ ಒಳಗೆ ಬಂದಾನು ಅಂತ ಒಂದು. ಜನ ಹೊರಗೆ ಹೋಗೋಕಾಗದೆ ಒಳಗೇ ಉಳಿದಾರು ಅಂತ ಇನ್ನೊಂದು. ಎರಡಕ್ಕೂ ಇರೋದು ಅದೇ ಬಾಗ್ಲು. ಹಡಗು ದಡದಲ್ಲಿದ್ದಾಗ ಬಾಗ್ಲಲ್ಲಿ ಮನುಷ್ಯ ನಿಲ್ತಾನೆ. ಇಳಿದು ಹೋಗೋ ಪ್ರತಿಯೊಬ್ಬರ ಚೀಟಿ ನೋಡ್ತಾನೆ, ಹತ್ತೋವಾಗ ಮತ್ತೆ ನೋಡ್ತಾನೆ. ಯಾವನೋ ಗುರುತಿಲ್ಲದೋನು ಒಳಗೆ ಬರೋ ಹಂಗಿಲ್ಲ. ಆದ್ರೆ ಆಪತ್ತಲ್ಲಿ ಹೊರಗೆ ಹೋಗೋ ಬಾಗ್ಲಿಗೆ ಬೀಗ ಹಾಕಿದ್ದು ನಾನು ಹನ್ನೆರಡು ವರ್ಷದಲ್ಲಿ ಒಂದಿನಾನೂ ನೋಡ್ಲಿಲ್ಲ. ಕಳ್ಳನಿಗೆ ಕಾವಲು ಮನುಷ್ಯ. ಬೀಗ ಅಲ್ಲ."

"ಹಂಗಾದ್ರೆ ನೀವೇ ನಿಂತ್ಕೊಳ್ಳಿ ಕಾವಲು," ಎಂದೆ, ಚುಚ್ಚಬೇಕೆಂದೇ.

"ಆಯ್ತು, ನಿಂತ್ಕೋತೀನಿ," ಎಂದುಬಿಟ್ಟರು.

ಹಾಗೆ ನನ್ನ ಹಿಂದಿನ ಬಾಗಿಲಿನ ಬೀಗ ಹೋಯಿತು. ಅದರ ಜಾಗಕ್ಕೆ ಒಳಗಿನಿಂದ ಹಾಕುವ ಒಂದು ಅಗುಳಿ ಬಂತು. ಸಂಜೆ ಕೆಲಸ ಬಿಡುವಾಗ ಭಾಯಿ ಆ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರ ಚೀಲವನ್ನೂ ನೋಡಿಯೇ ಕಳಿಸುವರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಯಾಕೆಂದರೆ ಮೊದಲು ತಮ್ಮ ಚೀಲವನ್ನೇ ಬಿಚ್ಚಿ ತೋರಿಸುತ್ತಿದ್ದರು. ಅವರಿದ್ದಷ್ಟು ದಿನ ಒಂದು ಕೋನು ನೂಲೂ ಹೋಗಲಿಲ್ಲ ಎಂಬುದನ್ನು ಹೇಳಲೇಬೇಕು.

ಬಾಗಿಲಾದ ಮೇಲೆ ಡ್ರಿಲ್ಲು. ಹಡಗು ಹೊರಡುವ ಮೊದಲು ಪ್ರಯಾಣಿಕರಿಗೆಲ್ಲ ಕವಾಯತು ಮಾಡಿಸುತ್ತಾರಂತೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಎಲ್ಲರೂ ಜಾಕೆಟ್ಟು ಹಾಕಿಕೊಂಡು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕು. ಜನ ಕೈಯಲ್ಲಿ ಲೋಟ ಹಿಡಿದೇ ಬರುವರು, ಒಬ್ಬರ ಜಾಕೆಟ್ಟು ನೋಡಿ ಒಬ್ಬರು ನಗುವರು, ಫೋಟೋ ತೆಗೆಯುವರು. ರಜಾ ಕಳೆಯಲು ಬಂದವರಿಗೆ ಸಾವಿನ ಮಾತು ಯಾರಿಗೆ ಬೇಕು? ಭಾಯಿಯ ಸಂಬಳದ ಕೆಲಸ ಹಾಸಿಗೆ ಸರಿಮಾಡಿ ಟವೆಲ್ಲು ಇಡುವುದಾದರೂ, ಸೈರನ್ ಕೂಗಿದಾಗ ಇಪ್ಪತ್ತು ಕೋಣೆಗಳ ಪಟ್ಟಿ ಅವರ ಕೈಗೆ ಬರುತ್ತಿತ್ತು. ಒಬ್ಬೊಬ್ಬರ ಹೆಸರು ಕೂಗಿ, ಮುಖ ನೋಡಿ, ರೈಟ್ ಮಾರ್ಕು ಹಾಕಬೇಕು.

ಅದನ್ನೇ ನಮ್ಮ ಶೆಡ್ಡಿನಲ್ಲೂ ಮಾಡಹೊರಟರು. ಒಂದು ವಿಶಲ್ಲು ತಂದು ಏಳು ಸಲ ಊದಿದರು. ಎಂಟು ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ಕಿರುಚಿದರೇ ಕೇಳುವುದಿಲ್ಲ, ವಿಶಲ್ಲು ಯಾರಿಗೆ ಕೇಳಬೇಕು! ಗಂಗರಾಜು ಎಂಬ ನೇಕಾರ ಮಾತ್ರ ತನ್ನ ಮಗ್ಗ ನಿಲ್ಲಿಸಿ, "ಯಜಮಾನ್ರೇ, ಮೋಟರ್ ಬೇರಿಂಗ್ ಹೋಗೈತೆ ಅನ್ಸುತ್ತೆ, ಕುಯ್ಯೋ ಅಂತೈತೆ" ಎಂದ. ಶೆಡ್ಡೆಲ್ಲ ನಕ್ಕಿತು. ಭಾಯಿಯೂ ನಕ್ಕರು. ವಿಶಲ್ಲು ಎರಡು ದಿನ ಜೇಬಿನಲ್ಲೇ ಉಳಿಯಿತು.

ಮೂರನೆಯ ದಿನ ಎಂದಿನಂತೆ ಕರೆಂಟು ಹೋಯಿತು. ಆ ವರ್ಷಗಳಲ್ಲಿ ನಮ್ಮೂರಿನಲ್ಲಿ ಕರೆಂಟು ಇದ್ದರೆ ಆಶ್ಚರ್ಯ, ಹೋದರೆ ಮಾಮೂಲು. ಮಗ್ಗಗಳೆಲ್ಲ ಒಂದೇ ಸಲ ನಿಂತು ಶೆಡ್ಡು ನಿಶ್ಶಬ್ದವಾಯಿತು. ಭಾಯಿ ಬೆಂಚಿನಿಂದ ಎದ್ದರು. ಅವರ ಮುಖದಲ್ಲಿ ಆ ಬೆಳಕನ್ನು ಮತ್ತೆ ನಾನು ನೋಡಲಿಲ್ಲ.

"ಸಿಕ್ತು ಯಜಮಾನ್ರೇ! ಹಡಗಲ್ಲಿ ಸದ್ದಾದ್ರೆ ಹೊರಗೆ. ಇಲ್ಲಿ ಸದ್ದು ನಿಂತ್ರೆ ಹೊರಗೆ."

ಅಂದಿನಿಂದ ಕರೆಂಟು ಹೋದಾಗಲೆಲ್ಲ ಡ್ರಿಲ್ಲು. ಮಗ್ಗ ನಿಂತಿತೋ, ಕೈಯಲ್ಲಿದ್ದ ಲಾಳಿ ಬಿಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಖಾಲಿ ಸೈಟಿನ ಹೊಂಗೆಮರದ ಕೆಳಗೆ ನಿಲ್ಲಬೇಕು. ಭಾಯಿ ಕೊನೆಗೆ ಬಂದು, ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹನ್ನೆರಡು ಹೆಸರು ಕೂಗುವರು. ಹನ್ನೆರಡನೆಯದು ನನ್ನದು. ಕರೆಂಟು ಬಂದರೆ ಒಳಕ್ಕೆ. ದಿನಕ್ಕೆ ಮೂರು ಸಲ, ಕೆಲವು ದಿನ ಐದು ಸಲ. ಹಡಗಿನವರು ಕೂಡ ಇಷ್ಟು ಅಭ್ಯಾಸ ಮಾಡಿರಲಿಕ್ಕಿಲ್ಲ! ಜನಕ್ಕೇನು, ಸೆಖೆಯ ಶೆಡ್ಡಿನಿಂದ ಮರದ ನೆರಳಿಗೆ ಹೋಗುವುದೆಂದರೆ ಖುಷಿಯೇ. ಗೊಣಗುತ್ತಿದ್ದವನು ನಾನೊಬ್ಬನೇ.

ಆಯುಧಪೂಜೆಯ ದಿನದ ಒಂದು ಪ್ರಸಂಗ ಹೇಳದಿದ್ದರೆ ನನ್ನ ಹೆಂಡತಿ ಸುಮ್ಮನಿರುವುದಿಲ್ಲ. ಮಗ್ಗಗಳಿಗೆ ಹೂವು ಮುಡಿಸಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವಳು ಆರತಿ ಎತ್ತಲು ಹೊರಟಾಗ ಭಾಯಿ ಮೆಲ್ಲಗೆ, "ಅಮ್ಮಾ, ನೂಲಿನ ಹತ್ರ ಕರ್ಪೂರ ಬೇಡಿತ್ತು" ಎಂದರು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಆಯುಧಪೂಜೆ ದಿನ ಮಗ್ಗಕ್ಕೆ ಆರತಿ ಎತ್ತದೆ ಇನ್ಯಾವತ್ತು ಎತ್ತೋದು ಭಾಯಿ? ನಿಮ್ಮ ಹಡಗು ನಿಮಗೆ, ನಮ್ಮ ಮಗ್ಗ ನಮಗೆ!"

"ಎತ್ತಿ ತಾಯಿ, ಖಂಡಿತಾ ಎತ್ತಿ. ನಾನು ಪಕ್ಕದಲ್ಲಿ ಬಕೆಟ್ ಹಿಡ್ಕೊಂಡು ನಿಂತ್ಕೋತೀನಿ."

ಎಂಟು ಮಗ್ಗಕ್ಕೂ ಆರತಿ ಆಯಿತು. ಎಂಟು ಮಗ್ಗದ ಪಕ್ಕದಲ್ಲೂ ಇವರು ನೀರಿನ ಬಕೆಟ್ಟು ಹಿಡಿದು, ಶ್ರದ್ಧೆಯಿಂದ, ತಲೆ ತಗ್ಗಿಸಿ ನಿಂತರು. ಕೊನೆಯ ಮಗ್ಗದ ಹೊತ್ತಿಗೆ ಅವಳಿಗೇ ನಗು ಬಂದುಬಿಟ್ಟಿತು. ಮುಂದಿನ ವರ್ಷದಿಂದ, "ಭಾಯಿ ಬಂದ್ರಾ? ಬಕೆಟ್ ಬಂತಾ?" ಎಂದು ಕೇಳಿಯೇ ಕರ್ಪೂರ ಹಚ್ಚುತ್ತಿದ್ದಳು.

ಅವರು ಗದರಿದ್ದನ್ನು ನಾನು ನೋಡಿದ್ದು ಒಂದೇ ವಿಷಯಕ್ಕೆ. ನಮ್ಮ ಕಡೆ ಒಬ್ಬರ ಪರವಾಗಿ ಇನ್ನೊಬ್ಬರು ಓಗೊಡುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಊಟದ ಮನೆಯಲ್ಲಿ 'ನಿಮ್ಮವರೆಲ್ಲ ಕೂತ್ರಾ?' ಎಂದರೆ ಮನೆಯ ಹಿರಿಯರು 'ಹೂಂ, ಕೂತ್ರು' ಎನ್ನುತ್ತಾರೆ, ಒಬ್ಬ ಇನ್ನೂ ಕೈ ತೊಳೆಯುತ್ತಿರುತ್ತಾನೆ. ಹಿರಿಯರು ಹೇಳಿದ ಮೇಲೆ ತಲೆ ಎಣಿಸುವುದು ಅವಮರ್ಯಾದೆ. ಶೆಡ್ಡಿನಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುನಿಯಮ್ಮ ಹೀಗೇ ಎಲ್ಲರ ಪರವಾಗಿ ಓಗೊಡುವ ದೊಡ್ಡಮ್ಮ. ಗಂಗರಾಜು ಡ್ರಿಲ್ಲಿನ ಹೊತ್ತಿನಲ್ಲಿ ಬೇಲಿ ಹಾರಿ ಟೀ ಅಂಗಡಿಗೆ ಹೋದರೆ ಇವಳು ಅವನ ಹೆಸರಿಗೆ, "ಅವ್ನೆ, ಅವ್ನೆ, ಬಂದವ್ನೆ" ಎನ್ನುವಳು.

"ಮುನಿಯಮ್ಮಾ, ನಿನ್ನ ಹೆಸರಿಗೆ ನೀನು. ಅವನ ಹೆಸರಿಗೆ ಅವನು," ಎಂದು ಭಾಯಿ ಗುಡುಗುವರು. "ಮುಖ ನೋಡದೆ ರೈಟ್ ಮಾರ್ಕು ಹಾಕಲ್ಲ ನಾನು."

"ಅಯ್ಯೋ ಬಿಡಿ ಸಾಬ್ರೇ, ಅಳಿಸೋಗೋ ಸೀಸದಕಡ್ಡಿ ಗುರುತಿಗೆ ಇಷ್ಟ್ಯಾಕೆ ಎಗರಾಡ್ತೀರಾ," ಎಂದು ಅವಳು ಎಲೆಅಡಿಕೆ ಉಗುಳುವಳು.

ಒಂದು ಬೆಳಿಗ್ಗೆ, ತಿಂಡಿ ಮುಗಿಸಿ ಕೆಲಸ ಶುರುವಾಗಿ ಗಂಟೆಯಾಗಿತ್ತು. ನಾನು ಒಂದು ಮಗ್ಗದ ಹಾಸಿನ ಉದ್ದೆಳೆಗಳನ್ನು ನೋಡುತ್ತಾ ಬಗ್ಗಿದ್ದೆ. ಮಗ್ಗಗಳು ನಿಂತವು. ಕರೆಂಟು ಹೋಯಿತೆಂದು ಎಲ್ಲರೂ ಆಕಳಿಸುತ್ತಾ, ಸೆರಗು ಕೊಡವುತ್ತಾ ಹಿಂದಿನ ಬಾಗಿಲಿಗೆ ನಡೆದರು. ನಾನು ಏಳಲಿಲ್ಲ. ಒಂದು ಎಳೆ ಸಿಕ್ಕುಬಿದ್ದಿತ್ತು. ಭಾಯಿ ಬಂದು ರಟ್ಟೆ ಹಿಡಿದು ಎಬ್ಬಿಸಿದರು.

"ಬಿಡಿ ಭಾಯಿ, ಇದೊಂದ್ ಎಳೆ."

"ನಿಮ್ಮ ಹೆಸ್ರೂ ಪಟ್ಟೀಲಿದೆ. ನಡೀರಿ."

ಗೊಣಗುತ್ತಲೇ ಹೊರಗೆ ಬಂದೆ. ಹೊಂಗೆಮರದ ಕೆಳಗೆ ನಿಂತು ತಿರುಗಿ ನೋಡಿದರೆ ಮುಂದಿನ ಕಡೆಯ ಹೆಂಚಿನ ಸಂದಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಕರೆಂಟು ಹೋಗಿರಲಿಲ್ಲ. ಸ್ವಿಚ್ ಬೋರ್ಡು ಹೊತ್ತಿಕೊಂಡು, ಅದರ ಪಕ್ಕದ ನೂಲಿನ ರಾಶಿಗೆ ಹಿಡಿದಿತ್ತು. ಮುಂದಿನ ಬಾಗಿಲು ಕಾಣುತ್ತಲೇ ಇರಲಿಲ್ಲ. ನನ್ನ ಜನ, ನಾನೂ ಸೇರಿ, ಬೆಂಕಿಯಿಂದ ಆಕಳಿಸುತ್ತಾ ಹೊರಗೆ ಬಂದಿದ್ದೆವು!

ಭಾಯಿ ಮಾತ್ರ ಹೊಗೆಯ ಕಡೆ ನೋಡಲಿಲ್ಲ. ನೋಟ್‌ಬುಕ್ಕು ತೆಗೆದು ಹೆಸರು ಕೂಗಲು ನಿಂತರು. ಗಂಗರಾಜುವಿನ ಹೆಸರು ಬಂತು. ಮುನಿಯಮ್ಮನ ಬಾಯಿ ಅಭ್ಯಾಸಬಲದಿಂದ, "ಅವ್ನೆ, ಬಂದವ್ನೆ" ಎಂದುಬಿಟ್ಟಿತು.

"ಎಲ್ಲಿ? ಮುಖ ತೋರ್ಸು."

ಮುನಿಯಮ್ಮ ಅತ್ತಿತ್ತ ನೋಡಿದಳು. "ನೋಡ್ಲಿಲ್ಲ ಸಾಬ್ರೇ... ನಾ ನೋಡ್ಲಿಲ್ಲ," ಎಂದಳು.

ನಾನು ತಡೆಯುವಷ್ಟರಲ್ಲಿ ಭಾಯಿ ಹೆಗಲ ಮೇಲಿನ ಟವೆಲ್ಲನ್ನು ತೊಟ್ಟಿಯ ನೀರಿಗೆ ಅದ್ದಿ, ಮೂಗಿಗೆ ಕಟ್ಟಿಕೊಂಡು ಒಳಗೆ ಹೋದರು. ಐವತ್ತು ದಾಟಿದ ಮನುಷ್ಯ. ನಾವು ಬಾಗಿಲಲ್ಲಿ ನಿಂತು ಕೂಗಿದೆವು. ಒಳಗಿನಿಂದ "ಗಂಗಾ! ಏ ಗಂಗಾ!" ಎನ್ನುವ ಸದ್ದು ಬರುತ್ತಿತ್ತು, ನಡುವೆ ಕೆಮ್ಮು. ಆಮೇಲೆ ಬರೀ ಕೆಮ್ಮು. ಅಷ್ಟರಲ್ಲಿ ಬೇಲಿ ಹಾರಿ, ಕೈಯಲ್ಲಿ ಅರ್ಧ ತಿಂದ ಬನ್ನು ಹಿಡಿದು, "ಏನಣ್ಣಾ ಹೊಗೆ? ಏನಾತು?" ಎನ್ನುತ್ತಾ ಗಂಗರಾಜು ಓಡಿ ಬಂದ. ಮಗ್ಗ ನಿಲ್ಲುವುದಕ್ಕೂ ಮೊದಲೇ ಟೀ ಅಂಗಡಿಗೆ ಹೋಗಿದ್ದ. ಇನ್ನಿಬ್ಬರು ಒಳಗೆ ನುಗ್ಗಿ, ಎಡವುತ್ತಾ ತಡಕುತ್ತಿದ್ದ ಭಾಯಿಯನ್ನು ಎಳೆದುಕೊಂಡು ಬಂದರು.

ಹೊಡೆಯುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಹೊಡೆಯುತ್ತಿದ್ದೆ. ಅವರು ಗಂಗರಾಜುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆ, ಕೆನ್ನೆ, ಗಲ್ಲ ಎಲ್ಲ ಸವರಿ ನೋಡಿದರು. ನೆಲದ ಮೇಲೆ ಬಿದ್ದಿದ್ದ ನೋಟ್‌ಬುಕ್ಕು ಹುಡುಕಿ ತೆಗೆದು ಒಂದು ರೈಟ್ ಮಾರ್ಕು ಹಾಕಿದರು. ಆಮೇಲೆ ಮರದ ಬುಡದಲ್ಲಿ ಕೂತು ಅತ್ತರು, ಮಕ್ಕಳು ಅಳುತ್ತಾರಲ್ಲ ಹಾಗೆ.

ಬೆಂಕಿ ಆರಿತು. ಮೂರು ಮಗ್ಗದ ಹಾಸು ಸುಟ್ಟಿತ್ತು, ಮುಂದಿನ ಬಾಗಿಲು ಇದ್ದಿಲಾಗಿತ್ತು. ಯಾರ ಮೈಗೂ ಒಂದು ಗೀರು ಬಿದ್ದಿರಲಿಲ್ಲ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ, ಅದೇ ಮರದ ಕೆಳಗೆ ಭಾಯಿ ತಾವು ಹಡಗು ಬಿಟ್ಟದ್ದು ಯಾಕೆಂದು ನನಗೆ ಹೇಳಿದರು. ಆ ದಿನ ನಾನು ಕೇಳಿರಲಿಲ್ಲ.

"ಅಲ್ಲೂ ಬೆಳಗಿನ ತಿಂಡಿ ಹೊತ್ತು ಯಜಮಾನ್ರೇ. ಬಟ್ಟೆ ಇಡೋ ಕೋಣೇಲಿ ಬೆಂಕಿ. ಬೆಂಕಿ ಸಣ್ಣದು, ಹೊಗೆ ದೊಡ್ಡದು. ಸೈರನ್ ಆಯ್ತು. ನನ್ನ ಸಾಲಿನೋರೆಲ್ಲ ಬಂದ್ರು. ಒಬ್ಬ ಅಜ್ಜಿ, ನಮ್ಮಮ್ಮನ ವಯಸ್ಸು, ಒಬ್ಳೇ ಬಂದ್ಲು. ನಿಮ್ಮ ಯಜಮಾನ್ರು ಎಲ್ಲಿ ಅಂದೆ. ಹಿಂದೇನೇ ಬರ್ತಿದಾರೆ, ಹಾಕು ಅಂದ್ಲು. ಪಾಪ, ಅವಳಿಗೆ ಹಂಗೇ ಗೊತ್ತಿದ್ದಿದ್ದು. ನಾನು ನಮ್ಮೂರಿನ ಬುದ್ಧಿ ತೋರಿಸ್ಬಿಟ್ಟೆ. ಹಿರಿಯೋಳು ಹೇಳಿದ ಮೇಲೆ ಇಲ್ಲ ಅಂತ ಹೆಂಗನ್ನೋದು? ಹಾಕ್ಬಿಟ್ಟೆ ರೈಟು."

ಸ್ವಲ್ಪ ಹೊತ್ತು ಕೆಮ್ಮಿದರು.

"ಯಾವ ಪಟ್ಟೀಲಿ ಹೆಸರು ಬಾಕಿ ಇರುತ್ತೋ ಆ ಸಾಲಿಗೆ ಮೊದಲು ಹುಡುಕೋಕೆ ಹೋಗ್ತಾರೆ. ನನ್ನ ಪಟ್ಟಿ ತುಂಬಿತ್ತಲ್ಲ, ಅಲ್ಲಿಗೆ ಕೊನೇಲಿ ಹೋದ್ರು. ಆ ಮುದುಕ ಕನ್ನಡಕ ಮರೆತು ವಾಪಸ್ ಹೋಗಿದ್ನಂತೆ. ಕೋಣೆ ಬಾಗ್ಲಲ್ಲೇ ಬಿದ್ದಿದ್ದ, ಉಸಿರು ನಿಂತಿತ್ತು. ಯಾರೂ ನನ್ನ ಏನೂ ಅನ್ಲಿಲ್ಲ. ಅಜ್ಜಿನೂ ಅನ್ಲಿಲ್ಲ. ಹಡಗು ಇಳಿಯೋವಾಗ ಒಂದ್ಸಲ ನನ್ನ ನೋಡಿದ್ಲು, ಅಷ್ಟೇ."

ಅವರ ಕೈ ಹಿಡಿದುಕೊಂಡು ಕೂತಿದ್ದೆ. ಆ ದಿನ ಅವರಿಗೆ ನಾನು ಒಂದು ಮಾತು ಕೊಟ್ಟೆ. ನಾನು ಈ ಶೆಡ್ಡು ನಡೆಸುವಷ್ಟು ದಿನ ಈ ಬಾಗಿಲಿಗೆ ಬೀಗ ಬೀಳುವುದಿಲ್ಲ ಭಾಯಿ ಎಂದೆ. ಕಣ್ಣೀರು ಹಾಕಿಕೊಂಡೇ ಹೇಳಿದೆ, ಮನಸ್ಸಿನಿಂದಲೇ ಹೇಳಿದೆ.

ಅದಾದ ಮೇಲೆ ಐದಾರು ವರ್ಷ ಅವರು ನಮ್ಮಲ್ಲಿದ್ದರು. ಮಂಡಿ ನೋವು ಹೆಚ್ಚಾಯಿತು, ಕಣ್ಣಿಗೆ ಪೊರೆ ಬಂತು, ದೇವನಹಳ್ಳಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಹೊರಡುವ ದಿನ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಆಮೇಲೂ ಎರಡು ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವರು. ನನ್ನನ್ನು ಮಾತಾಡಿಸುವ ಮೊದಲು ಗೋಡೆ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಅಗುಳಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಬಂದೇ ಬೆಂಚಿನ ಮೇಲೆ ಕೂರುವರು.

ಹೋದ ವರ್ಷ, ಭಾಯಿ ಕಾಯಿಲೆ ಬಿದ್ದು ಬರುವುದು ನಿಂತ ಮೇಲೆ, ಮತ್ತೆ ನೂಲು ಹೋಗಲು ಶುರುವಾಯಿತು. ಬಾಗಿಲಲ್ಲಿ ನಿಂತು ಚೀಲ ನೋಡುವ ಮನುಷ್ಯ ಇರಲಿಲ್ಲ. ನಾನು ನಿಲ್ಲಬಹುದಿತ್ತು, ಮುಜುಗರ. ಇನ್ನೊಬ್ಬರನ್ನು ಇಡಬಹುದಿತ್ತು, ಇಡಲಿಲ್ಲ. ಬೀಗ ಹಾಕಿದೆ. ನಾಲ್ಕು ದಿನಕ್ಕೆಂದು ಹಾಕಿದ ಬೀಗ ಹಾಗೇ ಉಳಿಯಿತು. ಕರೆಂಟು ಹೋದರೆ ಜನ ಒಳಗೇ ಕೂತು ಬೀಸಣಿಗೆ ಬೀಸಿಕೊಳ್ಳತೊಡಗಿದರು.

"ಬೀಗ ಹಾಕ್ಬಿಟ್ರಾ ಯಜಮಾನ್ರೇ?" ಎಂದು ಮುನಿಯಮ್ಮ ಒಂದು ಸಲ ಕೇಳಿದಳು.

"ತೆಗೀತೀನಿ, ತೆಗೀತೀನಿ," ಎಂದೆ.

ಎರಡು ತಿಂಗಳ ಹಿಂದೆ ಭಾಯಿ ಕೊನೆಯ ಸಲ ಬಂದರು, ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು. ತುಂಬಾ ಇಳಿದುಹೋಗಿದ್ದರು. ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದೆ. ಮಗ್ಗದ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು.

"ಹಿಂದಿನ ಬಾಗ್ಲು?"

ಬೀಗ ಹಾಕಿದ್ದೇನೆ ಎನ್ನಬಹುದಿತ್ತು. ಬಯ್ಯುತ್ತಿದ್ದರು, ಬೈಸಿಕೊಂಡು ಆಗಲೇ ತೆಗೆಯಬಹುದಿತ್ತು. ಕಾಯಿಲೆಯ ಮನುಷ್ಯ, ಯಾಕೆ ನೋಯಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

"ತೆಗ್ದೇ ಇದೆ ಭಾಯಿ," ಎಂದೆ.

ಅವರು ಬೆಂಚಿಗೆ ಕೈಯೂರಿ ಏಳಲು ಹೊರಟರು. ಅರ್ಧ ಎದ್ದರು ಕೂಡ. ಮುನಿಯಮ್ಮ ತಲೆ ಎತ್ತಿ ನನ್ನನ್ನು ನೋಡಿದಳು, ನೋಡಿ ಮತ್ತೆ ಕಂಡಿಕೆಗೆ ಬಗ್ಗಿದಳು. ಭಾಯಿ ಮಂಡಿ ಹಿಡಿದುಕೊಂಡು, ನಕ್ಕು, ಮತ್ತೆ ಕೂತರು.

"ನೀವೇ ಹೇಳ್ತಿದೀರಲ್ಲ, ಬಿಡಿ," ಎಂದರು. ಟೀ ಕುಡಿದು, ನನ್ನ ಕೈ ಅದುಮಿ ಹೊರಟುಹೋದರು.

ದೇವನಹಳ್ಳಿಯಲ್ಲಿ ಮಣ್ಣಾಯಿತು. ನಮ್ಮ ಶೆಡ್ಡಿನವರೆಲ್ಲ ಬಂದಿದ್ದರು. ಗಂಗರಾಜು ಎಲ್ಲರಿಗಿಂತ ಹೆಚ್ಚು ಅತ್ತ. ನನಗೆ ಅಳು ಬರಲಿಲ್ಲ. ವಾಪಸು ಬಂದವನು ಮನೆಗೆ ಹೋಗದೆ ನೇರವಾಗಿ ಶೆಡ್ಡಿಗೆ ಹೋದೆ. ಆ ಬೀಗದ ಕೀಲಿ ಎಲ್ಲಿಟ್ಟಿದ್ದೆನೋ ಮರೆತುಹೋಗಿತ್ತು. ಮೇಜಿನ ಖಾನೆ, ಗೂಡು, ಅಂಗಿ ಜೇಬು ಎಲ್ಲ ತಡಕಾಡಿದೆ. ಸಿಗಲು ಕಾಲು ಗಂಟೆ ಹಿಡಿಯಿತು. ಕಾಲು ಗಂಟೆ! ಒಳಗೆ ಹನ್ನೊಂದು ಜನ ದಿನಾ ಕೂತಿರುತ್ತಿದ್ದರು.

ಬೀಗವನ್ನು ತೆಗೆದು ಬಾವಿಗೆ ಎಸೆದಿದ್ದೇನೆ. ಸಂಜೆ ನಾನೇ ಬಾಗಿಲಲ್ಲಿ ನಿಂತು ಚೀಲ ನೋಡುತ್ತೇನೆ, ಮೊದಲು ನನ್ನದನ್ನು ತೋರಿಸಿ. ಕರೆಂಟು ಹೋದರೆ ಮರದ ಕೆಳಗೆ ಅವರ ನೋಟ್‌ಬುಕ್ಕು ಹಿಡಿದು ಹೆಸರು ಕೂಗುತ್ತೇನೆ. ಕೊನೆಯ ಹೆಸರು, ನನ್ನದು, ಬಂದಾಗ ಮಾತ್ರ ರೈಟ್ ಮಾರ್ಕು ಹಾಕುವ ಕೈ ನಿಲ್ಲುತ್ತದೆ. ಭಾಯಿ ತಮ್ಮ ಜೀವಮಾನದಲ್ಲಿ ತಾವೇ ನೋಡದೆ ಇನ್ನೊಬ್ಬರನ್ನು ನಂಬಿದ್ದು ಎರಡು ಸಲ. ಒಂದು ಸಲ ಹಡಗಿನ ಆ ಅಜ್ಜಿಯನ್ನು, ಇನ್ನೊಂದು ಸಲ ನನ್ನನ್ನು. ಅಜ್ಜಿಗಾದರೂ ಗಂಡ ಹಿಂದೆ ಬರುತ್ತಿಲ್ಲ ಎಂದು ಗೊತ್ತಿರಲಿಲ್ಲ.